ಗ್ರೇಪ್‌ವೈನ್ ಹಾಡಿಗೆ ಬೇಸ್: ಯಾವ ವರ್ಷನ್ ಹಿಡಿದು ಕಲಿಯಲಿ?

ಹೊಸಬೇಸು

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮದೊಂದು ಸಣ್ಣ ಬ್ಯಾಂಡ್ ಇದೆ. ಮೊದಲು ಅದರಲ್ಲಿ ನಾನೂ ಗಿಟಾರ್ ನುಡಿಸುತ್ತಿದ್ದೆ. ಗಿಟಾರ್ ಹಿಡಿದವರು ಜಾಸ್ತಿ ಆದರು, ಕೆಳದನಿಯ ದಪ್ಪ ತಂತಿಗಳ ಗಿಟಾರ್ ಇದೆಯಲ್ಲ, ಆ ಬೇಸಿಗೆ ಜನ ಇರಲಿಲ್ಲ. ‘ನೀನೇ ಹಿಡ್ಕೊ’ ಅಂದರು. ಹಿಡಿದುಕೊಂಡೆ. ಈಗ ಬಿಡೋಕೆ ಮನಸ್ಸಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಮಾಡೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಒಪ್ಪಿದ್ದು ಅಷ್ಟೇ. ಯಾವ ವರ್ಷನ್ ಅನ್ನೋದಕ್ಕೆ ದಿನಾ ಜಗಳ. ಮಾರ್ವಿನ್ ಗೇ ಹಾಡಿದ್ದೇ ಒರಿಜಿನಲ್, ಅದನ್ನೇ ಮಾಡಬೇಕು ಅಂತ ಕೀಬೋರ್ಡ್ ಹುಡುಗ ಕೂತಿದ್ದಾನೆ. ನಮ್ಮ ಹಾಡುಗಾರ್ತಿ ಗ್ಲಾಡಿಸ್ ನೈಟ್ ಅವರದು ಕೇಳಿದ ಮೇಲೆ ಬೇರೆ ಯಾವುದಕ್ಕೂ ಕಿವಿ ಕೊಡುತ್ತಿಲ್ಲ. ಗಿಟಾರಿನವರಿಗೆ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನೋ ರಾಕ್ ಬ್ಯಾಂಡ್ ಮಾಡಿದ್ದೇ ಬೇಕು. ಯಾಕೆ ಅಂತ ನಿಮಗೆ ಗೊತ್ತೇ ಇದೆ. ಅದರಲ್ಲಿ ಗಿಟಾರ್ ಮುಗಿಯೋದೇ ಇಲ್ಲ. ನನ್ನನ್ನು ಯಾರೂ ಕೇಳಿಲ್ಲ.

ಬೇಸ್ ಕಡೆಯಿಂದ ನೋಡಿದರೆ ಯಾವುದನ್ನು ಕಲಿಯೋದು ಒಳ್ಳೆಯದು? ಮಾರ್ವಿನ್ ಗೇ ಅವರದರಲ್ಲಿ ಬೇಸ್ ಏನೂ ಮಾಡುತ್ತಿಲ್ಲ ಅನ್ನಿಸುತ್ತೆ. ಆದರೆ ಅದರ ಜೊತೆಗೇ ನುಡಿಸಿದರೆ ನನ್ನದು ಮಾತ್ರ ಸತ್ತುಬಿದ್ದ ಹಾಗೆ ಕೇಳುತ್ತೆ. ಸ್ವರ ಎಲ್ಲಾ ಸರಿಯಾಗೇ ಇವೆ, ಎರಡೆರಡು ಸಲ ನೋಡಿದೆ. ಅದರ ಮೇಲೆ ಇ ಫ್ಲ್ಯಾಟ್ ಮೈನರ್ ಬೇರೆ. ಯಾರಪ್ಪಾ ಈ ಶ್ರುತಿ ಇಟ್ಟಿದ್ದು? ಗೊತ್ತಿದ್ದವರು ದಯವಿಟ್ಟು ಹೇಳಿ.

ದಪ್ಪತಂತಿ

ತಮ್ಮಾ, ನಿನ್ನನ್ನು ಯಾರೂ ಕೇಳಿಲ್ಲ ಅಂದೆಯಲ್ಲ, ಅಭ್ಯಾಸ ಮಾಡಿಕೊ. ಮುಂದೆಯೂ ಕೇಳಲ್ಲ.

ನಾನು ಬೆಂಗಳೂರಿನಲ್ಲಿ ಆರ್ಕೆಸ್ಟ್ರಾಗಳಿಗೆ ಬೇಸ್ ನುಡಿಸುವವನು. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಕರೆದಲ್ಲಿಗೆ ಹೋಗುತ್ತೇನೆ. ಇಳಯರಾಜ ಅವರ ಹಾಡುಗಳಲ್ಲಿ ಬೇಸ್ ಕೇಳಿ ಹುಚ್ಚು ಹಿಡಿಸಿಕೊಂಡವರ ಪೈಕಿ ನಾನೂ ಒಬ್ಬ. ಆದರೆ ನಿನಗೆ ತುಂಬಾ ಇಷ್ಟದ ಹಾಡು ಒಂದೇ ಒಂದು ಹೇಳು ಅಂದರೆ ನಾನು ಹೇಳೋದು ನೀನು ಕೇಳಿರುವ ಇದೇ ಹಾಡು. ಹಾಗಾಗಿ ಉತ್ತರ ಉದ್ದ ಆಗುತ್ತೆ. ಟೀ ತಗೊಂಡು ಕೂತ್ಕೊ.

ಮೊದಲು ಆ ಕೀಬೋರ್ಡ್ ಹುಡುಗನ ಲೆಕ್ಕ ಮುಗಿಸೋಣ. ಮಾರ್ವಿನ್ ಗೇ ಅವರದು ಮೊದಲನೆಯದಲ್ಲ. ಹಾಡು ಬರೆದವರು ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್, ಡೆಟ್ರಾಯಿಟ್‌ನ ಮೋಟೌನ್ ಕಂಪನಿಯವರು. 1966ರಲ್ಲಿ ಮೊದಲು ರೆಕಾರ್ಡ್ ಮಾಡಿದ್ದು ಸ್ಮೋಕಿ ರಾಬಿನ್ಸನ್ ಮತ್ತು ಅವರ ಮಿರಾಕಲ್ಸ್ ತಂಡ. ಕಂಪನಿಯ ಯಜಮಾನ ಬೆರಿ ಗಾರ್ಡಿ ಬೇಡ ಅಂದರು. 1967ರ ಶುರುವಿನಲ್ಲಿ ವಿಟ್‌ಫೀಲ್ಡ್ ಅದನ್ನೇ ಮಾರ್ವಿನ್ ಗೇ ಕೈಯಲ್ಲಿ ಹಾಡಿಸಿದರು. ಗಾರ್ಡಿ ಅದೂ ಬೇಡ ಅಂದು ಮಾರ್ವಿನ್ ಅವರ ಬೇರೊಂದು ಹಾಡನ್ನು ಸಿಂಗಲ್ ಆಗಿ ಹೊರಗೆ ಬಿಟ್ಟರು. ವಿಟ್‌ಫೀಲ್ಡ್ ಬಿಡುವ ಆಸಾಮಿ ಅಲ್ಲ. ಹಾಡನ್ನು ಪೂರ್ತಿ ಬೇರೆ ಥರ ಕಟ್ಟಿ ಗ್ಲಾಡಿಸ್ ನೈಟ್ ಅಂಡ್ ದ ಪಿಪ್ಸ್ ಅವರಿಗೆ ಕೊಟ್ಟರು. ಅದು 1967ರ ಸೆಪ್ಟೆಂಬರಿನಲ್ಲಿ ಬಂತು. ಆರ್ ಅಂಡ್ ಬಿ (ಅಮೆರಿಕದ ಕಪ್ಪು ಜನರ ಸಂಗೀತ) ಪಟ್ಟಿಯಲ್ಲಿ 1ನೇ ಸ್ಥಾನ, ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನ. ಮಂಕೀಸ್ ಅನ್ನೋ ಟಿವಿ ಬ್ಯಾಂಡ್ ಅಡ್ಡ ನಿಲ್ಲದಿದ್ದರೆ ಅಲ್ಲೂ 1 ಆಗಿರುತ್ತಿತ್ತು.

ಅಷ್ಟು ಹೊತ್ತೂ ಮಾರ್ವಿನ್ ಅವರದು ಡಬ್ಬದಲ್ಲೇ ಕೂತಿತ್ತು. 1968ರ ಆಗಸ್ಟಿನಲ್ಲಿ ಒಂದು ಆಲ್ಬಮ್ಮಿನೊಳಗೆ ಸುಮ್ನೆ ಸೇರಿಸಿದರು. ರೇಡಿಯೊದವರು ಆ ಆಲ್ಬಮ್ಮಿನಿಂದ ಇದನ್ನೇ ಎತ್ತಿ ಹಾಕತೊಡಗಿದರು. ಕೊನೆಗೆ ಕಂಪನಿ ಸಿಂಗಲ್ ಬಿಡಲೇಬೇಕಾಯಿತು. ಡಿಸೆಂಬರಿನಿಂದ ಏಳು ವಾರ 1ನೇ ಸ್ಥಾನ ಬಿಡಲಿಲ್ಲ. ಈಗ ಹೇಳು, ಯಾವುದು ಒರಿಜಿನಲ್, ಯಾವುದು ಕವರ್, ಅಂದರೆ ಇನ್ನೊಬ್ಬರ ಹಾಡನ್ನು ಮತ್ತೆ ಹಾಡಿದ್ದು? ಅಂಗಡಿಗೆ ಬಂದ ಲೆಕ್ಕದಲ್ಲಿ ಗ್ಲಾಡಿಸ್ ಮೊದಲು, ರೆಕಾರ್ಡ್ ಆದ ಲೆಕ್ಕದಲ್ಲಿ ಮಾರ್ವಿನ್, ಇಬ್ಬರಿಗಿಂತ ಮೊದಲು ಸ್ಮೋಕಿ. ಆ ಜಗಳ ಬಿಟ್ಟುಬಿಡಿ, ಅದರಿಂದ ಏನೂ ಗಿಟ್ಟಲ್ಲ.

ಇನ್ನು ನಮ್ಮ ವಿಷಯ. ಮಾರ್ವಿನ್ ಅವರದರಲ್ಲೂ ಗ್ಲಾಡಿಸ್ ಅವರದರಲ್ಲೂ ಬೇಸ್ ನುಡಿಸಿದವರು ಒಬ್ಬರೇ, ಜೇಮ್ಸ್ ಜೇಮರ್ಸನ್. ಅದೇ ಕಂಪನಿ, ಅದೇ ನಿರ್ಮಾಪಕ, ನಡುವೆ ಕೆಲವೇ ತಿಂಗಳು. ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಒಂದಾದ ಮೇಲೊಂದು ಕೇಳು. ಬೇರೆ ಬೇರೆ ಇಬ್ಬರು ನುಡಿಸಿದ್ದಾರೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಹಾಡಿನ ಕಥೆ ಎರಡರಲ್ಲೂ ಒಂದೇ. ಇಂಗ್ಲಿಷಿನಲ್ಲಿ ‘ಗ್ರೇಪ್‌ವೈನ್’ನಿಂದ ಕೇಳಿದೆ ಅಂದರೆ ಬಾಯಿಂದ ಬಾಯಿಗೆ ಹರಡಿದ ಸುದ್ದಿ ಕೇಳಿದೆ ಅಂತ. ತನ್ನ ಜೊತೆಗಿರುವ ಜೀವ ಬೇರೆಯವರ ಕಡೆ ಹೊರಟಿದೆ ಅನ್ನೋ ಸುದ್ದಿ ಊರವರ ಬಾಯಿಂದ ಕಿವಿಗೆ ಬಿದ್ದಿದೆ. ಗ್ಲಾಡಿಸ್ ಅದನ್ನು ಸಿಟ್ಟಿನಲ್ಲಿ ಹಾಡುತ್ತಾರೆ. ‘ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?’ ಅಂತ ಸೊಂಟಕ್ಕೆ ಕೈಯಿಟ್ಟು ಕೇಳುವ ದನಿ. ಪಿಯಾನೊ ಚರ್ಚಿನಿಂದ ಎದ್ದು ಬಂದದ್ದು. ಡ್ರಮ್ಸ್ ಹಿಂದಿನಿಂದ ದಬ್ಬುತ್ತೆ. ಪಿಪ್ಸ್ ಮೂವರೂ ಪಕ್ಕದ ಮನೆಯವರ ಥರ ಪ್ರತಿ ಮಾತಿಗೂ ದನಿ ಸೇರಿಸುತ್ತಾರೆ. ಅಲ್ಲಿ ಜೇಮರ್ಸನ್ ಸುಮ್ಮನೆ ನಿಲ್ಲೋದೇ ಇಲ್ಲ, ಅವರೂ ಜಗಳಕ್ಕೆ ಇಳಿದಿದ್ದಾರೆ.

ಮಾರ್ವಿನ್ ಅವರದು ಹೆದರಿದವನ ಹಾಡು. ಸುದ್ದಿ ನಿಜ ಇರಬಹುದು ಅಂತ ಒಳಗೇ ನಡುಗುತ್ತಿರುವವನು. ಎಲೆಕ್ಟ್ರಿಕ್ ಪಿಯಾನೊ ಕತ್ತಲೆಯಲ್ಲಿ ಶುರುವಾಗುತ್ತೆ, ಗೆಜ್ಜೆ ಬಿಲ್ಲೆಗಳ ಕೈವಾದ್ಯ ಟ್ಯಾಂಬೂರಿನ್ ಝಣ್ ಅನ್ನುತ್ತೆ, ಆಮೇಲೆ ಪಿಟೀಲುಗಳು. ಆ ಪಿಟೀಲುಗಳಿಗೆ ಬರೆದವರು ಪಾಲ್ ರೈಸರ್, ನುಡಿಸಿದವರು ಡೆಟ್ರಾಯಿಟ್ ಸಿಂಫನಿ ಆರ್ಕೆಸ್ಟ್ರಾದವರು. ವಿಟ್‌ಫೀಲ್ಡ್ ಬೇಕಂತಲೇ ಮಾರ್ವಿನ್ ಅವರ ಕಂಠಕ್ಕೆ ಸಲೀಸಾಗಿ ಕೂರದ, ಎತ್ತರದ ಶ್ರುತಿ ಇಟ್ಟರು. ಅದಕ್ಕೆ ಇಬ್ಬರಿಗೂ ಜಟಾಪಟಿ ಆಯಿತು. ಅಲ್ಲಲ್ಲಿ ದನಿ ಸೀಳಿದ ಹಾಗೆ ಕೇಳುತ್ತಲ್ಲ, ಅದು ನಟನೆ ಅಲ್ಲಪ್ಪ, ನಿಜವಾಗಿಯೂ ಏದುಸಿರು. ನಿನ್ನ ಇ ಫ್ಲ್ಯಾಟ್ ಮೈನರ್ ದೂರಿಗೂ ಇದೇ ಉತ್ತರ. ನಿನ್ನ ಬೆರಳಿಗೆ ಕಷ್ಟ ಆಗಲಿ ಅಂತ ಯಾರೂ ಇಟ್ಟಿದ್ದಲ್ಲ, ಅವರ ಗಂಟಲಿಗೆ ಆಗಲಿ ಅಂತ ಇಟ್ಟಿದ್ದು.

ಇಂಥ ಹಾಡಿನಲ್ಲಿ ಬೇಸ್ ಕುಣಿದಾಡಿದರೆ ಹೆದರಿಕೆ ಎಲ್ಲಾ ಹಾರಿಹೋಗುತ್ತೆ. ಕುಣಿಸೋಕೆ ಬಾರದವರು ನುಡಿಸಿದ್ದಲ್ಲ ಇದು. ಅದೇ 1967ರಲ್ಲಿ ಸ್ಟೀವಿ ವಂಡರ್ ಹಾಡಿದ ‘ಐ ವಾಸ್ ಮೇಡ್ ಟು ಲವ್ ಹರ್’ ಕೇಳು. ಬೇಸ್ ಒಂದು ನಿಮಿಷ ಕೂರಲ್ಲ. ಅಷ್ಟು ಬಲ್ಲ ಮನುಷ್ಯ ಇಲ್ಲಿ ಮೂಲ ಸ್ವರ ಹಿಡಿದು ನಿಲ್ಲುತ್ತಾರೆ. ಜಾಗ ಬಿಡುತ್ತಾರೆ. ಕಾರ್ಡ್, ಅಂದರೆ ಜೊತೆಗೆ ನುಡಿಯುವ ಸ್ವರಗಳ ಗುಂಪು, ಬದಲಾಗುವ ಮುಂಚೆ ಸ್ವಲ್ಪ ನಡೆದುಬರುತ್ತಾರೆ, ಮತ್ತೆ ನಿಲ್ಲುತ್ತಾರೆ. ನಿನಗೆ ‘ಏನೂ ಮಾಡುತ್ತಿಲ್ಲ’ ಅಂತ ಕೇಳಿಸಿದ್ದು ಇದೇ. ನನಗೆ ಈ ಹಾಡು ಇಷ್ಟ ಆಗಿರೋದೂ ಇದಕ್ಕೇ. ಕೈಯಲ್ಲಿ ಇಷ್ಟು ಇದ್ದೂ ಇಷ್ಟೇ ಕೊಡುತ್ತೇನೆ ಅಂತ ಕೂರೋದು ನಮ್ಮಂಥವರಿಗೆ ಬಹಳ ಕಷ್ಟ. ರಿಸೆಪ್ಷನ್ನಿನಲ್ಲಿ ಯಾರೂ ಕೇಳುತ್ತಿಲ್ಲ ಅಂತ ಗೊತ್ತಿದ್ದರೂ ಬೆರಳು ಓಡುತ್ತೆ.

ನಿನ್ನದು ಸತ್ತ ಹಾಗೆ ಕೇಳೋದಕ್ಕೆ ಕಾರಣ ಸ್ವರ ಅಲ್ಲ, ಸ್ವರ ನಿಲ್ಲುವ ಜಾಗ. ನೀನು ಗಿಟಾರಿನಿಂದ ಬಂದವನು. ಗಿಟಾರಿನವರು ಸ್ವರ ಹುಟ್ಟಿಸಿ ಬಿಟ್ಟುಬಿಡುತ್ತಾರೆ, ಅದು ತಾನಾಗಿ ಸಾಯೋವರೆಗೂ ಮೊಳಗುತ್ತಿರುತ್ತೆ. ಈ ಹಾಡಿನ ಬೇಸ್ ಒದ್ದೆ ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಬಡಿದ ಹಾಗೆ ಇರಬೇಕು, ದಪ್ ಅಂತ ಶುರು, ದಪ್ ಅಂತಲೇ ಮುಗಿಯಬೇಕು. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬೇಡ, ಒತ್ತೋದನ್ನು ಮಾತ್ರ ಸಡಿಲ ಮಾಡು. ದನಿ ಅಲ್ಲೇ ನಿಲ್ಲುತ್ತೆ. ವಾರಗಟ್ಟಲೆ ಬರೀ ಇದನ್ನೇ ಮಾಡಿದರೂ ನಷ್ಟ ಇಲ್ಲ.

ಜೇಮರ್ಸನ್ ಅವರಿಗೆ ಅರ್ಧ ಕೆಲಸವನ್ನು ಆ ವಾದ್ಯವೇ ಮಾಡುತ್ತಿತ್ತು. 1962ರ ಫೆಂಡರ್ ಪ್ರಿಸಿಷನ್ ಬೇಸ್. ಅದಕ್ಕೆ ‘ಫಂಕ್ ಮೆಷೀನ್’ ಅಂತ ಹೆಸರು. ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೂಂಡ್ ತಂತಿ, ಅಂದರೆ ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ. ತಂತಿ ತುಂಡಾಗದೆ ಬದಲಾಯಿಸುತ್ತಿರಲಿಲ್ಲ. ಕೊಳೆಯಲ್ಲೇ ಗಮ್ಮತ್ತು ಇರೋದು ಅನ್ನೋದು ಅವರ ಲೆಕ್ಕ. ತಂತಿಯ ಬುಡ ಕೂರುವ ಬ್ರಿಜ್ ಮೇಲಿನ ಲೋಹದ ಮುಚ್ಚಳದ ಕೆಳಗೆ ಫೋಮ್ ತುಂಡು ಇತ್ತು, ಅದು ತಂತಿಗೆ ತಾಗಿ ಮೊಳಗೋದನ್ನು ತಡೆಯುತ್ತಿತ್ತು. ತಂತಿ ಫ್ರೆಟ್‌ಬೋರ್ಡಿನಿಂದ (ಬೆರಳಿಟ್ಟು ಒತ್ತುವ ಹಲಗೆ) ಎಷ್ಟು ಎತ್ತರ ಇತ್ತು ಅಂದರೆ ಬೇರೆಯವರಿಗೆ ಒತ್ತೋದೇ ಕಷ್ಟ. ಅವರು ಮೊದಲು ದೊಡ್ಡ ನಿಂತ ಬೇಸ್, ಜಾಜ್‌ನವರ ಅಪ್‌ರೈಟ್, ನುಡಿಸಿ ಬಂದವರು, ಹಾಗಾಗಿ ಕೈ ಗಟ್ಟಿ. ಬಲಗೈಯಲ್ಲಿ ತೋರುಬೆರಳು ಒಂದೇ. ಅದನ್ನು ‘ಹುಕ್’ ಅಂತ ಕರೆಯುತ್ತಿದ್ದರು. ನಾವು ಎರಡು ಬೆರಳಲ್ಲೂ ತಡವರಿಸುತ್ತೇವೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಫ್ಲ್ಯಾಟ್‌ವೂಂಡ್ ಕೇಳಿದರೆ ಒಮ್ಮೊಮ್ಮೆ ಮುಖ ಮುಖ ನೋಡುತ್ತಾರೆ, ತರಿಸಬೇಕು. ದುಡ್ಡೂ ಜಾಸ್ತಿ. ಅಲ್ಲಿಯವರೆಗೆ ಪಾತ್ರೆ ತೊಳೆಯುವ ಸ್ಪಾಂಜ್ ತಗೊ, ಹೊಸದು. ಸಣ್ಣ ಪಟ್ಟಿ ಕತ್ತರಿಸಿ ಬ್ರಿಜ್ ಹತ್ತಿರ ತಂತಿಗಳ ಕೆಳಗೆ ತೂರಿಸು. ಟೋನ್ ತಿರುಗಣೆ ಪೂರ್ತಿ ಇಳಿಸಬೇಡ, ಅರ್ಧಕ್ಕಿಂತ ಸ್ವಲ್ಪ ಕೆಳಗೆ ಸಾಕು. ಅರ್ಧ ಜೇಮರ್ಸನ್ ಅಲ್ಲೇ ಸಿಗುತ್ತಾರೆ. ಇನ್ನರ್ಧ ಯಾರಿಗೂ ಸಿಕ್ಕಿಲ್ಲ.

ಕವರ್‌ಗಳ ವಿಷಯಕ್ಕೆ ನನ್ನದೊಂದು ಹಟ ಇದೆ. ಈ ಹಾಡಿನಲ್ಲಿ ಜೇಮರ್ಸನ್ ಅವರನ್ನು ನಕಲು ಮಾಡಿದವರು ಯಾರೂ ಉಳಿಯಲಿಲ್ಲ. ಅವರನ್ನು ಮರೆತು ಬೇರೆ ಮನೆ ಕಟ್ಟಿದವರದು ಮಾತ್ರ ಇವತ್ತಿಗೂ ಕೇಳೋಕೆ ಆಗುತ್ತೆ. ಮೈಕಲ್ ಮೆಕ್‌ಡೊನಾಲ್ಡ್ 2003ರಲ್ಲಿ ಮೋಟೌನ್ ಹಾಡುಗಳದೇ ಒಂದು ಆಲ್ಬಮ್ ಮಾಡಿದರು, ಅದರಲ್ಲಿ ಇದೂ ಇದೆ. ಒಳ್ಳೆಯ ಕಂಠ, ಶುದ್ಧ ರೆಕಾರ್ಡಿಂಗ್, ಎಲ್ಲಾ ಅಚ್ಚುಕಟ್ಟು. ಕೇಳಿ ಮುಗಿಸಿದ ಮೇಲೆ ಏನು ಕೇಳಿದೆ ಅಂತ ನೆನಪಿರಲ್ಲ. 1986ರಲ್ಲಿ ಒಣದ್ರಾಕ್ಷಿ ಜಾಹೀರಾತಿಗೆ ಜೇಡಿಮಣ್ಣಿನ ಗೊಂಬೆಗಳು ಇದನ್ನೇ ಹಾಡಿಕೊಂಡು ಕುಣಿದವು. ಹಾಡಿದವರು ಬಡ್ಡಿ ಮೈಲ್ಸ್, ಜಿಮಿ ಹೆಂಡ್ರಿಕ್ಸ್ ಜೊತೆ ಡ್ರಮ್ಸ್ ಬಾರಿಸಿದವರು. ಮಜಾ ಇದೆ, ಅಷ್ಟೇ.

ಕ್ರೀಡೆನ್ಸ್‌ನವರದು ಬೇರೆ ಜಾತಿ. 1970ರದು, ಹನ್ನೊಂದು ನಿಮಿಷ. ಬೇಸ್ ಸ್ಟು ಕುಕ್. ಅವರು ಶ್ರುತಿಯನ್ನು ಡಿ ಮೈನರ್‌ಗೆ ಇಳಿಸಿಕೊಂಡರು, ಪಿಟೀಲು ಗಿಟೀಲು ಎಲ್ಲಾ ತೆಗೆದುಹಾಕಿದರು. ಬೇಸ್ ಒಂದು ಗೆರೆ ಹಿಡಿದರೆ ಬಿಡೋದೇ ಇಲ್ಲ. ಹೆದರಿಕೆ ಇಲ್ಲ, ಸಿಟ್ಟೂ ಇಲ್ಲ, ಒಂದು ಥರ ರಾತ್ರಿ ಪ್ರಯಾಣ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನೀನು ಕಲಿಯಬೇಕಾದ್ದು ಅದಲ್ಲ. ಅದರಲ್ಲಿ ಕಲಿಯುವವರು ಗಿಟಾರಿನವರು. ನೀನು ಕಾಯುವವನು.

ಮೊದಲು ಗ್ಲಾಡಿಸ್, ಆಮೇಲೆ ಮಾರ್ವಿನ್. ಈ ಸಾಲಿನಲ್ಲಿ ಕಲಿ. ಮೊದಲನೆಯದು ಕೈಗೆ ಕಷ್ಟ, ಎರಡನೆಯದು ಮನಸ್ಸಿಗೆ.

ಕಡ್ಡಿರಾಯ

ದಪ್ಪತಂತಿ ಅಣ್ಣ, ಎಲ್ಲಾ ಒಪ್ಪಿದೆ, ಕ್ರೀಡೆನ್ಸ್ ಬಗ್ಗೆ ಹೇಳಿದ್ದು ಮಾತ್ರ ಒಪ್ಪಲ್ಲ. ನಾನು ಡ್ರಮ್ಸ್‌ನವನು. ‘ಕಾಯುವವನು’ ಅಂತ ಇಷ್ಟು ಹಗುರವಾಗಿ ಹೇಳಿದರೆ ಹೇಗೆ?

ಹನ್ನೊಂದು ನಿಮಿಷ ಒಂದೇ ನಡೆ ಹಿಡಿದು, ಓಡದೆ, ಎಳೆಯದೆ ಕೂರೋದು ಏನು ಅಂತ ಒಂದು ಸಲ ಮಾಡಿ ನೋಡಲಿ. ನಾಲ್ಕನೇ ನಿಮಿಷಕ್ಕೆ ತಲೆ ಎಲ್ಲೋ ಹೋಗುತ್ತೆ. ಆರನೇ ನಿಮಿಷಕ್ಕೆ ಏನಾದರೂ ಹೊಸದು ಹಾಕೋಣ ಅನ್ನಿಸುತ್ತೆ. ಅವರ ಡ್ರಮ್ಸ್‌ನವರು ಡಗ್ ಕ್ಲಿಫರ್ಡ್ ಮತ್ತು ಸ್ಟು ಕುಕ್ ಆ ಆಸೆಗೆ ಬೀಳಲಿಲ್ಲ. ಇಬ್ಬರೂ ಶಾಲೆಯಲ್ಲಿ ಓದುವಾಗಿನಿಂದ ಜೊತೆಗೆ ನುಡಿಸಿದವರು. ಅದು ಕೇಳಿಸುತ್ತೆ. ಜೇಮರ್ಸನ್ ಕೈ ಕಟ್ಟಿಕೊಂಡು ಕೂತಿದ್ದನ್ನು ಹೊಗಳಿ, ಕುಕ್ ಅದನ್ನೇ ಮಾಡಿದರೆ ‘ಕಾಯುವವನು’ ಅನ್ನೋದು ಯಾವ ನ್ಯಾಯ?

ಇನ್ನೊಂದು. ಮಾರ್ವಿನ್ ಅವರದರಲ್ಲಿ ಬೇಸ್ ಅಷ್ಟು ಜಾಗ ಬಿಡೋಕೆ ಆಗಿದ್ದು ಯಾಕೆ ಗೊತ್ತಾ? ಆ ಜಾಗ ತುಂಬೋಕೆ ಬೇರೆಯವರು ಇದ್ದರು. ಡ್ರಮ್ಸ್‌ನಲ್ಲಿ ಯೂರಿಯಲ್ ಜೋನ್ಸ್, ಟ್ಯಾಂಬೂರಿನ್ ಜ್ಯಾಕ್ ಆಶ್‌ಫರ್ಡ್. ಆ ಟ್ಯಾಂಬೂರಿನ್ ಒಂದನ್ನು ತೆಗೆದು ನೋಡಿ, ಅರ್ಧ ಹಾಡು ಕುಸಿಯುತ್ತೆ. ನಮ್ಮ ಹುಡುಗರ ಬ್ಯಾಂಡಿನಲ್ಲಿ ಗಿಟಾರ್ ಮೂರಿರಬಹುದು, ಟ್ಯಾಂಬೂರಿನ್ ಇದೆಯಾ? ಹೊಸಬೇಸು, ನಿಮ್ಮಲ್ಲಿ ಜಾಸ್ತಿ ಆದ ಗಿಟಾರಿನವರಲ್ಲಿ ಒಬ್ಬರ ಕೈಗೆ ಟ್ಯಾಂಬೂರಿನ್ ಕೊಡು. ಕೊಟ್ಟ ಮೇಲೆ ಅದು ಸುಲಭ ಅಲ್ಲ ಅಂತ ಅವನಿಗೇ ಗೊತ್ತಾಗುತ್ತೆ.

ಮಿಶಿಗನ್_ಮಾವ

ನಾನು ವಾದ್ಯ ನುಡಿಸುವವನಲ್ಲ. ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಇದ್ದೇನೆ, ಕಾರಿನ ಬಿಡಿಭಾಗಗಳ ಕೆಲಸ. ಈ ಹಾಡು ಹುಟ್ಟಿದ ಮನೆ ನಮಗೆ ಹತ್ತಿರ. ಹಾಗಾಗಿ ನನ್ನದೂ ಒಂದು ಮಾತು.

ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ 2648ನೇ ನಂಬರಿನ ಮನೆ. ಎದುರಿಗೆ ‘ಹಿಟ್ಸ್‌ವಿಲ್ ಯುಎಸ್ಎ’ ಅಂತ ಬೋರ್ಡ್. ಬೆರಿ ಗಾರ್ಡಿ 1959ರಲ್ಲಿ ಕೊಂಡದ್ದು. 1985ರಿಂದ ಮ್ಯೂಸಿಯಂ ಆಗಿದೆ, ಅದನ್ನು ಕಟ್ಟಿದವರು ಅವರ ಅಕ್ಕ ಎಸ್ತರ್ ಗಾರ್ಡಿ ಎಡ್ವರ್ಡ್ಸ್. ಊರಿಂದ ಯಾರೇ ಬಂದರೂ ನಾನು ಮೊದಲು ಕರೆದುಕೊಂಡು ಹೋಗೋದು ಅಲ್ಲಿಗೆ. ನಯಾಗರಾ ಆಮೇಲೆ. ನಮ್ಮ ಮಾವನವರು ಬಂದಾಗ ಸ್ಟುಡಿಯೊ ಎ ಒಳಗೆ ನಿಂತು, ‘ಇದೇನಪ್ಪಾ, ನಮ್ಮ ಊರಿನ ಹಾಲಿನ ಡೈರಿ ಇದಕ್ಕಿಂತ ದೊಡ್ಡದಿದೆ’ ಅಂದರು. ನಿಜವಾಗಿಯೂ ಅಷ್ಟೇ. ಸೀಲಿಂಗಿನಿಂದ ವೈರುಗಳು ಇಳಿಬಿದ್ದಿರುತ್ತಿದ್ದವಂತೆ, ಅದಕ್ಕೆ ವಾದ್ಯದವರು ಆ ಕೋಣೆಗೆ ‘ಸ್ನೇಕ್‌ಪಿಟ್’ (ಹಾವಿನ ಗುಂಡಿ) ಅಂತ ಹೆಸರಿಟ್ಟಿದ್ದರು. ಬೇಸ್ ಗಿಟಾರಿಗೆ ಆಂಪ್ (ದನಿ ದೊಡ್ಡದು ಮಾಡುವ ಪೆಟ್ಟಿಗೆ) ಇಟ್ಟು ಅದರ ಎದುರು ಮೈಕ್ ಹಿಡಿಯುತ್ತಿರಲಿಲ್ಲ. ವೈರನ್ನು ನೇರವಾಗಿ ಮಿಕ್ಸಿಂಗ್ ಮೇಜಿಗೆ ಸೇರಿಸುತ್ತಿದ್ದರು. ದಪ್ಪತಂತಿ ಸರ್ ಹೇಳಿದ ಆ ದಪ್ ದನಿಗೆ ಅದೂ ಒಂದು ಕಾರಣ ಅಂತ ಗೈಡ್ ಹೇಳಿದ್ದು. ಮಹಡಿಯ ಮೇಲಿನ ಅಟ್ಟವನ್ನು ಪ್ರತಿಧ್ವನಿಗೆ ಬಳಸುತ್ತಿದ್ದರು. ಅಲ್ಲಿ ಸೀಲಿಂಗಿನ ತೂತಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿ ನೋಡೋಕೆ ಹೇಳುತ್ತಾರೆ, ಮಕ್ಕಳಿಗೆ ಬಹಳ ಖುಷಿ.

ನನಗೆ ಅಲ್ಲಿ ಬೇಜಾರಾಗೋದು ಒಂದೇ ವಿಷಯ. ಇಷ್ಟೆಲ್ಲಾ ಹಾಡುಗಳಿಗೆ ನುಡಿಸಿದವರ ಹೆಸರು ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಇರಲೇ ಇಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ ವಾದ್ಯದವರ ಹೆಸರು ಅಚ್ಚಾಯಿತು. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಹೋಯಿತು. ಜೇಮರ್ಸನ್ ಕೂಡ ಅಲ್ಲಿಗೇ ಹೋದರು, ಆದರೆ ಅಲ್ಲಿ ಹಳೆಯ ಜಾಗ ಸಿಗಲಿಲ್ಲ. ಕುಡಿತ ಬೇರೆ. 1983ರ ಆಗಸ್ಟಿನಲ್ಲಿ ತೀರಿಕೊಂಡರು, ವಯಸ್ಸು 47. ಅದಕ್ಕೆ ಸ್ವಲ್ಪ ಮುಂಚೆ ಆ ‘ಫಂಕ್ ಮೆಷೀನ್’ ಕಳವಾಯಿತು. 2000ನೇ ಇಸವಿಯಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಆ ಹೊತ್ತಿಗೆ ಅವರು ಹೋಗಿ ಹದಿನೇಳು ವರ್ಷ.

ಬಂದರೆ ಹೇಳಿ, ಕರೆದುಕೊಂಡು ಹೋಗುತ್ತೇನೆ. ಟಿಕೆಟ್ ಮೊದಲೇ ತಗೊಳ್ಳಬೇಕು, ಶನಿವಾರ ರಶ್ ಇರುತ್ತೆ.

ಹೊಸಬೇಸು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ.

ಸ್ಪಾಂಜ್ ಹಾಕಿದೆ. ಅಮ್ಮ ಪಾತ್ರೆ ತೊಳೆಯುವ ಸ್ಪಾಂಜ್ ಎಲ್ಲಿ ಅಂತ ಹುಡುಕುತ್ತಿದ್ದಾರೆ. ದಪ್ಪತಂತಿ ಅಣ್ಣ, ದನಿ ನಿಜವಾಗಿಯೂ ಬದಲಾಯಿತು! ಆದರೆ ಸ್ವರ ಬೇಗ ನಿಲ್ಲುವುದರಿಂದ ನನ್ನ ತಾಳದ ಹುಳುಕು ಎಲ್ಲಾ ಈಗ ಹೊರಗೆ ಬಂದಿದೆ. ಮೊದಲು ಮೊಳಗುವ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು.

ಕಡ್ಡಿರಾಯ ಅವರೇ, ಟ್ಯಾಂಬೂರಿನ್ ವಿಷಯ ಹೇಳಿದೆ. ಗಿಟಾರಿನವರು ಒಬ್ಬರ ಮುಖ ಒಬ್ಬರು ನೋಡಿದರು.

ಗ್ಲಾಡಿಸ್ ವರ್ಷನ್ ಮಾಡೋದು ಅಂತ ಆಗಿದೆ. ನಮ್ಮ ಹಾಡುಗಾರ್ತಿ ಶ್ರುತಿ ಇನ್ನೂ ಹೇಳಿಲ್ಲ. ಇ ಮೈನರ್ ಮಾಡಿಕೊಳ್ಳೋಣ, ನನಗೆ ಬೆರಳು ಒತ್ತದೆ ನುಡಿಸುವ ಖಾಲಿ ತಂತಿ ಸಿಗುತ್ತೆ ಅಂತ ಕೇಳಲಾ? ಮತ್ತೆ, ಮರೆತು ಬೇರೆ ಮನೆ ಕಟ್ಟಿದವರು ಅಂತ ಹೇಳಿ ಕ್ರೀಡೆನ್ಸ್ ಒಂದನ್ನೇ ಹೇಳಿದಿರಿ. ಬೇರೆ ಯಾರು?

ದಪ್ಪತಂತಿ

ಕಡ್ಡಿರಾಯ, ಸ್ಟು ಕುಕ್ ಪರವಾಗಿ ನೀನು ಹೇಳಿದ್ದು ನ್ಯಾಯವಾಗಿದೆ. ಆದರೂ ಆ ಹನ್ನೊಂದು ನಿಮಿಷವನ್ನು ಮೈಸೂರಿನ ಸ್ಟೇಜಿನ ಮೇಲೆ ಗಿಟಾರಿನವರ ಕೈಗೆ ಕೊಡೋಕೆ ನನಗೆ ಧೈರ್ಯ ಇಲ್ಲ. ಹನ್ನೊಂದು ಇಪ್ಪತ್ತೆರಡಾಗುತ್ತೆ.

ಹೊಸಬೇಸು, ತಾಳದ ಹುಳುಕು ಹೊರಗೆ ಬಂದಿದ್ದು ಒಳ್ಳೆಯದೇ. ಸ್ಪಾಂಜ್ ತೆಗೆಯಬೇಡ. ಅಮ್ಮನಿಗೆ ಹೊಸದು ತಂದುಕೊಡು.

ಬೇರೆ ಯಾರು ಅಂದೆಯಲ್ಲ. ಇಬ್ಬರಿದ್ದಾರೆ. ರಾಜರ್ ಟ್ರೌಟ್‌ಮನ್ 1981ರಲ್ಲಿ ಟಾಕ್ ಬಾಕ್ಸ್ ಹಾಕಿ ಹಾಡಿದ್ದು ಒಂದು. ಬಾಯಿಗೆ ಒಂದು ಕೊಳವೆ ಇಟ್ಟುಕೊಂಡು ಸಿಂಥಸೈಜರ್ ದನಿಯನ್ನು ಮಾತಿನ ಥರ ತಿರುಗಿಸುತ್ತಾರೆ. ಮನುಷ್ಯನೋ ಮೆಷೀನೋ ಗೊತ್ತಾಗಲ್ಲ. ಅದೂ ಆರ್ ಅಂಡ್ ಬಿ ಪಟ್ಟಿಯಲ್ಲಿ 1ನೇ ಸ್ಥಾನಕ್ಕೆ ಹೋಯಿತು. ಅಂದರೆ ಒಂದೇ ಹಾಡು ಗ್ಲಾಡಿಸ್, ಮಾರ್ವಿನ್, ರಾಜರ್, ಮೂವರ ಕೈಯಲ್ಲೂ ಅಲ್ಲಿ ತುದಿ ಮುಟ್ಟಿದೆ. ಕುಣಿಯೋಕೆ ಅದೇ ಬೆಸ್ಟ್. ನನಗೆ ಅಷ್ಟು ಹತ್ತಿರ ಆಗಲಿಲ್ಲ, ಸುದ್ದಿ ಕೇಳಿದವನಿಗೆ ನೋವೇ ಆದ ಹಾಗಿಲ್ಲ.

ಇನ್ನೊಂದು ನನ್ನ ಪ್ರಾಣ. ಲಂಡನ್ನಿನ ಸ್ಲಿಟ್ಸ್ ಅನ್ನೋ ಹುಡುಗಿಯರ ಪಂಕ್ ಬ್ಯಾಂಡ್, 1979. ಬೇಸ್ ಟೆಸಾ ಪಾಲಿಟ್. ಈ ಹುಡುಗಿಯರಿಗೆ ಜಮೈಕಾದ ರೆಗ್ಗೆ ಮತ್ತು ಡಬ್ ಸಂಗೀತ ಅಂದರೆ ಹುಚ್ಚು. ಆ ಸಂಗೀತದಲ್ಲಿ ಬೇಸೇ ಯಜಮಾನ. ಹಾಗಾಗಿ ಇಲ್ಲಿ ಬೇಸ್ ಹಾಡಿನ ಹಿಂದೆ ನಡೆಯಲ್ಲ, ಹಾಡೇ ಬೇಸ್ ಹಿಂದೆ ನಡೆಯುತ್ತೆ. ಶುರುವಿಗೆ ಹುಡುಗಿಯರು ಬಾಯಲ್ಲೇ ಹೂಂ ಹೂಂ ಅಂತ ಗುನುಗುತ್ತಾರೆ. ಎಲ್ಲಾ ಒಂದಕ್ಕೊಂದು ತಾಗದೆ ತೂಗಾಡುತ್ತೆ, ಈಗ ಬಿತ್ತು ಈಗ ಬಿತ್ತು ಅನ್ನೋ ಹಾಗೆ. ಬೀಳಲ್ಲ. ಹಾಡೋ ಹುಡುಗಿ ಆರಿ ಅಪ್ ಒಂದು ಕಡೆ ‘ಗ್ರೇಪ್‌ವೈನ್’ ಅನ್ನೋ ಜಾಗದಲ್ಲಿ ‘ಬೇಸ್‌ಲೈನ್’ ಅಂತಲೇ ಹಾಡಿಬಿಡುತ್ತಾಳೆ. ನನಗೆ ಮೊದಲು ಕಿವಿ ಮೇಲೆ ನಂಬಿಕೆ ಬರಲಿಲ್ಲ, ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ. ಸುದ್ದಿ ಬಂದದ್ದೇ ಬೇಸ್‌ನಿಂದ ಅಂತೆ! ಅಲ್ಲಿಗೆ ಮುಗೀತು. ನಮ್ಮ ಪರವಾಗಿ ಇನ್ಯಾರಾದರೂ ಇಷ್ಟು ದೊಡ್ಡ ಮಾತು ಆಡಿದ್ದಾರಾ?

ನುಡಿಸೋಕೆ ಅದು ಸುಲಭ ಅನ್ನಿಸುತ್ತೆ. ಡ್ರಮ್ಸ್‌ನವನು ಒಪ್ಪಬೇಕು, ಅಷ್ಟೇ. ಯಾವತ್ತಾದರೂ ಸ್ಟೇಜ್ ಬಿಟ್ಟು ಮನೆಯಲ್ಲಿ ಆಡುವಾಗ ಮಾಡಿ ನೋಡಿ.

ಶ್ರುತಿ ವಿಷಯ. ಬೇಡ. ನಿನ್ನ ಕೈಗೆ ಸುಲಭ ಆಗಲಿ ಅಂತ ಹಾಡುವವರ ಹತ್ತಿರ ಶ್ರುತಿ ಕೇಳಬೇಡ. ಅವರ ಗಂಟಲು ಎಲ್ಲಿ ಬಿಸಿಯಾಗುತ್ತೋ ಅಲ್ಲಿ ಇಡಿ. ಇ ಫ್ಲ್ಯಾಟ್ ಬಂದರೂ ಹೆದರಬೇಡ. ನಿನ್ನ ನಾಲ್ಕು ತಂತಿಯಲ್ಲಿ ತೀರಾ ಕೆಳಗಿನ ಇ ಫ್ಲ್ಯಾಟ್ ಇಲ್ಲ, ನಿಜ. ಎ ತಂತಿಯ ಆರನೇ ಮನೆ (ಫ್ರೆಟ್) ಹಿಡಿ, ಇಲ್ಲವೇ ಡಿ ತಂತಿಯ ಒಂದನೇ ಮನೆ. ಜೇಮರ್ಸನ್ ಈ ಹಾಡು ನುಡಿಸಿದ್ದೂ ನಾಲ್ಕೇ ತಂತಿಯಲ್ಲಿ. ಖಾಲಿ ತಂತಿಯನ್ನು ಮಾತ್ರ ಧಾರಾಳವಾಗಿ ಬಳಸುತ್ತಿದ್ದರು. ಶ್ರುತಿಗೆ ಸೇರದ ಖಾಲಿ ತಂತಿಯನ್ನೂ ದಾರಿಯಲ್ಲಿ ಒಂದು ಮೆಟ್ಟಿಲಾಗಿ ತುಳಿದು ಮುಂದೆ ಹೋಗುತ್ತಿದ್ದರು. ಅದು ಅಪ್‌ರೈಟ್ ಬೇಸ್‌ನ ಅಭ್ಯಾಸ. ಆ ಮೆಟ್ಟಿಲು ಅರ್ಧ ಕ್ಷಣ ಇರುತ್ತೆ, ಕಿವಿಗೆ ತಪ್ಪು ಅನ್ನಿಸುವ ಮುಂಚೆ ಮುಗಿದಿರುತ್ತೆ. ನೀನು ಈಗಲೇ ಅದಕ್ಕೆ ಕೈ ಹಾಕಬೇಡ.

ಇನ್ನೊಂದು ಕೆಲಸ ಮಾಡು. ಮಾರ್ವಿನ್ ಅವರ ದನಿ ಮಾತ್ರ ಇರುವ, ವಾದ್ಯ ಎಲ್ಲಾ ತೆಗೆದ ಟ್ರ್ಯಾಕ್ ನೆಟ್‌ನಲ್ಲಿ ಓಡಾಡುತ್ತಿದೆ. ಅದನ್ನು ಹಾಕಿಕೊಂಡು ಅದರ ಜೊತೆ ನೀನೊಬ್ಬನೇ ಬೇಸ್ ನುಡಿಸು. ಡ್ರಮ್ಸ್ ಇಲ್ಲ, ಟ್ಯಾಂಬೂರಿನ್ ಇಲ್ಲ, ಕಡ್ಡಿರಾಯ ಕ್ಷಮಿಸಬೇಕು. ಅವರು ಉಸಿರು ಎಳೆಯುವ ಜಾಗದಲ್ಲಿ ನಿನ್ನ ಸ್ವರ ಇನ್ನೂ ಮೊಳಗುತ್ತಿದ್ದರೆ ಅದು ಉದ್ದ ಆಯಿತು ಅಂತ ಲೆಕ್ಕ. ಆಮೇಲೆ ಅದೇ ಕಿವಿಯಲ್ಲಿ ಗ್ಲಾಡಿಸ್ ಅವರದಕ್ಕೆ ಬಾ.

ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕು. ಸ್ಟೇಜಿನದು ಬೇಡ, ಪ್ರಾಕ್ಟೀಸಿನದು ಸಾಕು. ಟ್ಯಾಂಬೂರಿನ್ ಹಿಡಿದವನು ಯಾರು ಅಂತಲೂ ಹೇಳು.